ಪಾಳಿಯ ಹಾಸಿಗೆ

ಬೆಳಿಗ್ಗೆ ಏಳಕ್ಕೆ ನಾನು ಬಂದು ಮಲಗುವಾಗ ಹಾಸಿಗೆ ಬೆಚ್ಚಗಿರುತ್ತಿತ್ತು. ದಿಂಬಿನಲ್ಲಿ ಈರಬಸುವಿನ ತಲೆಯ ತಗ್ಗು ಹಾಗೇ ಉಳಿದಿರುತ್ತಿತ್ತು.

ಪರದೇಶದಲ್ಲಿ ಓದುತ್ತಿದ್ದ ಆ ಬೇಸಿಗೆಯಲ್ಲಿ ನಮ್ಮಿಬ್ಬರಿಗೂ ಒಂದೇ ಕೋಣೆ, ಒಂದೇ ಮಂಚ. ನಾನು ರಾತ್ರಿಯೆಲ್ಲ ಪ್ರಯೋಗಾಲಯದಲ್ಲಿ ಪಾಚಿ ಅಳೆಯುತ್ತಿದ್ದೆ. ಅವನು ಹಗಲೆಲ್ಲ ಗ್ರಂಥಾಲಯದಲ್ಲಿರುತ್ತಿದ್ದ. ಭಾನುವಾರ ಮಾತ್ರ ಪರಸ್ಪರ ಮುಖ ನೋಡುತ್ತಿದ್ದೆವು. ಅಂದು ಉದ್ಯಾನಕ್ಕೆ ಹೋದರೆ ಊರಿಗೆ ಊರೇ ಅರೆಬತ್ತಲೆಯಾಗಿ ಹುಲ್ಲಿನ ಮೇಲೆ ಬಿಸಿಲಿಗೆ ಬಿದ್ದಿರುತ್ತಿತ್ತು.

“ಹಪ್ಪಳ ಹಾಕಿದಂಗೈತಿ ನೋಡು. ನಮ್ಮವ್ವ ಇದ್ದಿದ್ರ ಕಾಗಿ ಕಾಯಾಕ ಕೋಲು ಹಿಡ್ಕೊಂಡು ಕುಂದರ್ತಿದ್ಲು,” ಎನ್ನುತ್ತಿದ್ದ.

ನನ್ನ ಪ್ರಬಂಧವನ್ನು ತಿದ್ದುತ್ತಿದ್ದವನೂ ಅವನೇ. ಮೇಜಿನ ಮೇಲೆ ಹಾಳೆ ಇಟ್ಟು ಹೋದರೆ ಬೆಳಿಗ್ಗೆ ಅಂಚಿನಲ್ಲಿ ಕೆಂಪು ಪೆನ್ಸಿಲ್ಲು: “ಇದನ್ನ ನೀ ಬರದಿಯೋ, ಎಮ್ಮಿ ಬರದೈತೋ?” ನನ್ನ ಮಾರ್ಗದರ್ಶಕರು ಮೊದಲೇ ಹೇಳಿಬಿಟ್ಟಿದ್ದರು: ಬೇಸಿಗೆ ಮುಗಿಯುವುದರೊಳಗೆ ಪ್ರಬಂಧ ಅವರ ಮೇಜಿನ ಮೇಲಿರಬೇಕು, ಇಲ್ಲದಿದ್ದರೆ ನಾನು ವಿಮಾನದಲ್ಲಿರಬೇಕು.

ಜೂನಿನಲ್ಲಿ ಈರಬಸು ತಂಗಿಯ ಮದುವೆಗೆಂದು ಊರಿಗೆ ಹೋದ. ಹತ್ತನೆಯ ದಿನ ಅವನ ಅವ್ವ ಫೋನು ಮಾಡಿದರು.

“ಕಾಮಾಲಿ ಆಗಿತ್ತು, ತಮ್ಮಾ. ಎರಡ ದಿನದಾಗ ಹೋಗಿಬಿಟ್ಟ. ಅವನ ಅರಿವಿ, ನಾ ಹೊಲಿದ ಕೌದಿ ಎಲ್ಲಾ ಕಳಿಸಿಬಿಡಪಾ. ಅವು ಅಲ್ಲಿದ್ರ ಅವನ ಜೀವ ಅಲ್ಲೇ ಅಡ್ಡಾಡತೈತಿ.”

“ನಾಳೆನೇ ಕಳಿಸ್ತೀನಿ, ಅವ್ವಾ,” ಎಂದೆ. ಮನಸಾರೆ ಹೇಳಿದ ಮಾತೇ.

ಮರುದಿನ ಬೆಳಿಗ್ಗೆ ಬಂದು ಮಲಗಿದರೆ ಹಾಸಿಗೆ ಬೆಚ್ಚಗಿತ್ತು. ಮೇಜಿನ ಮೇಲೆ ನಾಲ್ಕನೆಯ ಅಧ್ಯಾಯದ ಅಂಚಿನಲ್ಲಿ ಕೆಂಪು ಅಕ್ಷರ: “ಮತ್ತ ಅದ ತಪ್ಪು. ಎಷ್ಟು ಸಲ ಹೇಳಬೇಕು?”

ಹೆದರಲಿಲ್ಲವೇ ಎಂದು ಈಗಲೂ ಕೇಳುತ್ತಾರೆ. ಹೆದರಿದೆ. ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ಸರಿಯಾಗಿ ಹೆದರಿದೆ. ಆಮೇಲೆ ಅವನು ತಿದ್ದಿದ್ದನ್ನು ಓದಿದೆ. ಬದುಕಿದ್ದಾಗಿನದಕ್ಕಿಂತ ಚೆನ್ನಾಗಿ ತಿದ್ದಿದ್ದ. ಇನ್ನೂ ಮೂರು ಅಧ್ಯಾಯ ಬಾಕಿಯಿದ್ದವು.

ಸಾಮಾನು ಕಳಿಸಲಿಲ್ಲ.

ಅವ್ವ ವಾರಕ್ಕೊಮ್ಮೆ ಕೇಳುತ್ತಿದ್ದರು. ಒಮ್ಮೆ ಅಂಚೆಯವರಿಗೆ ಬೇಸಿಗೆ ರಜೆ ಎಂದೆ, ಇನ್ನೊಮ್ಮೆ ಪೆಟ್ಟಿಗೆ ಸಿಗುತ್ತಿಲ್ಲ ಎಂದೆ. ಆಗಸ್ಟಿನಲ್ಲಿ ಅವರು ಅದನ್ನು ಕೇಳಲೇ ಇಲ್ಲ.

“ಕನಸಿನ್ಯಾಗ ಬರ್ತಾನ, ತಮ್ಮಾ. ಕಣ್ಣು ಕೆಂಪಗ, ನಿದ್ದಿ ಇಲ್ಲದವರಂಗ. ಅಲ್ಲಿ ಅವನ್ನ ಭಾಳ ದುಡಿಸ್ತಿದ್ರೇನು?”

“ಯಾರು ದುಡಿಸ್ತಾರವ್ವಾ,” ಎಂದೆ.

ಅಂಚಿನ ತಮಾಷೆಗಳು ಅಷ್ಟರಲ್ಲಾಗಲೇ ನಿಂತುಹೋಗಿದ್ದವು. ಅಕ್ಷರ ನಡುಗುತ್ತಿತ್ತು. ಆರನೆಯ ಅಧ್ಯಾಯದ ಕೊನೆಯಲ್ಲಿ ಒಂದೇ ಒಂದು ಮಾತಿತ್ತು: “ಸಾಕೇನು?”

ಉಪಸಂಹಾರ ಉಳಿದಿತ್ತು, ಮೂರೇ ದಿನವಿತ್ತು. ಹಾಳೆಗಳನ್ನು ಡ್ರಾಯರಿಗೆ ಹಾಕಿ ಬೀಗ ಜಡಿದೆ. ಅವನ ಮೂರು ಅಂಗಿಗಳನ್ನು ಕೌದಿಯಲ್ಲಿ ಸುತ್ತಿ ಪೆಟ್ಟಿಗೆ ಕಟ್ಟಿದೆ. ಉಪಸಂಹಾರ ನಾನೊಬ್ಬನೇ ಬರೆದು ತಿದ್ದಿದ್ದು. ಪರೀಕ್ಷಕರು ಮುಂದೆ ಅದೊಂದು ಮಾತ್ರ ಸಪ್ಪೆ ಎಂದು ಷರಾ ಬರೆದು ಪಾಸು ಮಾಡಿದರು.

ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡುಮಧ್ಯಾಹ್ನ ಅಂಚೆ ಕಚೇರಿಗೆ ಹೋದೆ.

“ಒಳಗೇನಿದೆ?” ಎಂದಳು ಗುಮಾಸ್ತೆ.

“ಮೂರು ಅಂಗಿ, ಒಂದು ಹೊದಿಕೆ.”

ತೂಕದ ಮುಳ್ಳು ಅರವತ್ತೆರಡು ಕಿಲೋಗೆ ಹೋಗಿ ನಿಂತಿತು. ಅವಳು ಅದನ್ನು ಬೆರಳಿನಿಂದ ತಟ್ಟಿದಳು. “ಸೆಕೆಗೆ ಇದೂ ಕೆಟ್ಟಿದೆ,” ಎಂದು ಪೆಟ್ಟಿಗೆ ಎತ್ತಲು ಹೋದಳು. ಅದು ಅಲುಗಲಿಲ್ಲ. ನನ್ನನ್ನೊಮ್ಮೆ ನೋಡಿ, ಒಳಗಿನಿಂದ ಇಬ್ಬರನ್ನು ಕರೆದಳು. ಅವರು ಆ ತುದಿ ಈ ತುದಿ ಹಿಡಿದು ಎತ್ತಿದರು.

“ಸ್ವಲ್ಪ ಮೆಲ್ಲಗೆ,” ಎಂದೆ, ಕನ್ನಡದಲ್ಲೇ.

ಅವರಿಗೆ ಏನು ತಿಳಿಯಿತೋ, ಹೆಜ್ಜೆ ಸಣ್ಣದು ಮಾಡಿದರು. ಬಾಗಿಲಲ್ಲಿ ಒಬ್ಬ ಮೊಣಕಾಲಿನಿಂದ ಕದ ತಡೆದು ಹಿಡಿದ. ಇನ್ನೊಬ್ಬ ಪೆಟ್ಟಿಗೆಯ ತಲೆ ಕಡೆ ಬಡಿಯದಂತೆ ಅಂಗೈ ಅಡ್ಡಕೊಟ್ಟ. ಹಾಗೇ ಇಬ್ಬರೂ ಒಳಗಿನ ತಂಪಿಗೆ ಒಯ್ದರು.