ಎಂಜಿನ್ ಬಿಚ್ಚುವ ಮೊದಲು

ದಸರೆ ಮುಗಿದ ಮೇಲೆ ಪುಣೆ ಬಳಿಯ ಖಡಕವಾಸಲಾ ಕೆರೆಯ ಲಾಂಚು ತೆವಳತೊಡಗಿತು. ಇಪ್ಪತ್ತು ನಿಮಿಷದಲ್ಲಿ ಆಚೆ ದಂಡೆಯ ಹಾಲು ತರುತ್ತಿದ್ದ ಅದಕ್ಕೆ ಈಗ ಮೂವತ್ತೈದು ಬೇಕು. ಅಷ್ಟರಲ್ಲಿ ಪುಣೆಗೆ ಹೋಗುವ ಮೋಟಾರು ಬಸ್ಸು ಹೊರಟುಹೋಗಿರುತ್ತಿತ್ತು.

"ಮಲಕಪ್ಪಾ, ನಿನ್ನ ಲಾಂಚಿಗಿಂತ ನನ್ನ ಎಮ್ಮಿ ಜೋರ ಈಜತಾವ," ಎಂದಳು ಹಾಲು ಮಾರುವ ಗೌರಾಬಾಯಿ. "ಇವತ್ತೂ ಹಾಲು ಒಡೀತು. ನಾಳೆನೂ ಹಿಂಗಾದ್ರ ಸದಾಶಿವ ಪೇಠದ ಹೋಟೆಲ್‌ನವ್ರು ಬ್ಯಾರೆ ಕಡೆ ತಗೋತಾರಂತ."

"ಎಂಜಿನ್ ದಣದದವ್ವಾ. ನಾ ಏನ್ ಮಾಡ್ಲಿ?"

ಲಾಂಚು ನಡೆಸುವ ಮಲಕಪ್ಪ ವಿಜಾಪುರದ ಕಡೆಯವನು, ಹಿಟ್ಟಿನ ಗಿರಣಿಯಲ್ಲಿ ಎಂಜಿನ್ ಕಲಿತವನು. ಎಷ್ಟು ಜೋರು ಮಾಡಿದರೂ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಮುಳ್ಳು ಎರಡು ಸಾವಿರ ಮುಟ್ಟದೆ ಹದಿನಾಲ್ಕು ನೂರಕ್ಕೇ ನಿಲ್ಲುತ್ತಿತ್ತು. ಎಂಜಿನ್ ಬಿಚ್ಚಿ ಮುಂಬಯಿಗೆ ಕಳಿಸಲು ಮಾಲೀಕರು ಹೇಳಿದ್ದರು. ಹೋದರೆ ಎರಡು ತಿಂಗಳು ಲಾಂಚು ಬಂದ್.

ಬಿಚ್ಚಲು ಮಧ್ಯಾಹ್ನ ಬಂದವನು ಪುಣೆಯ ಗ್ಯಾರೇಜಿನ ಭುಜಂಗ. ಕಾರವಾರದವನು, ಸಮುದ್ರದ ಲಾಂಚುಗಳಲ್ಲಿ ದುಡಿದವನು. ಅವನು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು, "ಮೊದಲು ಗೇರು ಬಿಡಿಸಿ ಚಾಲೂ ಮಾಡಿ," ಎಂದ.

ಎಂಜಿನ್ ಹಗುರವಾಗಿ ತಿರುಗಿತು. ಗೇರು ಹಾಕಿ ಹೊರಟೊಡನೆ ಏದುಸಿರು ಬಿಡತೊಡಗಿತು.

"ನೋಡಿದ್ರಾ? ಭಾರ ಬಿದ್ದಾಗ ಮಾತ್ರ ಸೊರಗ್ತದೆ. ಪೆಟ್ರೋಲು ಸರಿಯಾಗಿ ಬಾರದಿದ್ದರೂ ಹೀಗಾಗ್ತದೆ. ಆದರೆ ನೀರಿನ ಕೆಳಗೆ ನೋಡೋದು ಸುಲಭ. ಅದನ್ನೇ ಮೊದಲು ನೋಡುವ."

"ಇಪ್ಪತ್ತು ವರ್ಷ ಗಿರಣ್ಯಾಗ ಎಂಜಿನ್ ನಡಿಸೀನ್ರಿ. ಬ್ಯಾನಿ ಎಂಜಿನ್ನಿಗೇ ಅದ."

"ನಿಮ್ಮ ಗಿರಣಿ ನೀರಲ್ಲಿ ನಿಂತಿತ್ತಾ ಮಾರಾಯ್ರೆ?"

ಖಾಲಿ ಕ್ಯಾನುಗಳ ಪಕ್ಕ ಕುಳಿತಿದ್ದ ಗೌರಾಬಾಯಿ ಕಿಸಕ್ಕನೆ ನಕ್ಕಳು. ಮಲಕಪ್ಪನ ಮುಖ ಕೆಂಪಾಯಿತು.

ಎಂಜಿನ್ ನಿಲ್ಲಿಸಿ, ಅದು ತಟ್ಟನೆ ಚಾಲೂ ಆಗದಂತೆ ಪ್ಲಗ್ಗಿನ ತಂತಿ ಕಿತ್ತಿಟ್ಟು, ಲಾಂಚನ್ನು ದಂಡೆಗೆ ಎಳೆದರು. ನೀರು ತಳ್ಳುವ ಹಿಂದಿನ ಪಂಖದ ಸರಳಿಗೆ ತೆಂಗಿನಕಾಯಿ ಗಾತ್ರದ ಗಂಟು ಬಿಗಿದಿತ್ತು: ಕೊಳೆತ ಚೆಂಡುಹೂವು, ದಪ್ಪ ದಾರ, ಅದರ ಸುತ್ತ ಕೆರೆಯ ಬಳ್ಳಿ. ತಳಕ್ಕೆಲ್ಲ ಪಾಚಿ. ಹಲಗೆಯಡಿ ಎಂಟು ಬಕೀಟು ನೀರು.

ಮಲಕಪ್ಪ ಬೆರಗಾದ. "ಖಂಡೇನವಮಿ ಮಾಲಿ! ಪಂಖಕ್ಕ ನಾನ ಕಟ್ಟಿದ್ದೆ. ಪೂಜಿದ್ದು ಹರೀಬಾರದಂತ ಹಂಗ ಲಾಂಚು ನೀರಿಗೆ ಇಳಿಸಿದೆ."

"ಮನ್ಯಾಗ ದೇವರ ಹೂವ ಮರುದಿನ ತೆಗಿಯೂದಿಲ್ಲೇನೋ?" ಎಂದಳು ಗೌರಾಬಾಯಿ. "ಇಲ್ಲ್ಯಾಕ ಕೊಳೀಲಿಕ್ಕೆ ಬಿಟ್ಟಿ?"

ಮಲಕಪ್ಪ ಗಂಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕುಡಗೋಲಿನಿಂದ ಕೊಯ್ದು ತೆಗೆದ. ಸಂಜೆಯವರೆಗೆ ಅವನೂ ಭುಜಂಗನೂ ಪಾಚಿ ಕೆರೆದರು, ನೀರು ಚೆಲ್ಲಿದರು. ಪಂಖದ ರೆಕ್ಕೆಗಳು ಸೊಟ್ಟಾಗಿಲ್ಲವೆಂದು ಭುಜಂಗ ಸವರಿ ನೋಡಿದ.

ಮರುದಿನ ಹನ್ನೆರಡು ಕ್ಯಾನು ಹೇರಿಕೊಂಡು, ಭುಜಂಗನನ್ನೂ ಕೂರಿಸಿಕೊಂಡು ಲಾಂಚು ಆಚೆ ದಂಡೆಯಿಂದ ಹೊರಟಿತು. ಮುಳ್ಳು ಹತ್ತೊಂಬತ್ತು ನೂರೈವತ್ತಕ್ಕೆ ಏರಿತು. ಇಪ್ಪತ್ತೊಂದು ನಿಮಿಷಕ್ಕೆ ಈಚೆ ದಂಡೆ. ಮೋಟಾರು ಇನ್ನೂ ಜನ ಹತ್ತಿಸಿಕೊಳ್ಳುತ್ತಿತ್ತು.

ಕೊನೆಯ ಕ್ಯಾನನ್ನು ಮಲಕಪ್ಪನೇ ಹೊತ್ತೊಯ್ದು ಮೋಟಾರಿಗೆ ಏರಿಸಿದ. "ಮಾಲೀಕರಿಗೆ ಹೇಳ್ರಿ ಭುಜಂಗಪ್ಪ," ಎಂದ, "ಎಂಜಿನ್ ಮುಂಬಯಿಗೆ ಹೋಗೂದಿಲ್ಲ."

ಲಾಂಚು ನಡೆಸುವ ಅಣ್ಣಂದಿರೇ, ಸುತ್ತು ಇಳಿದಾಗ ಎಂಜಿನ್ನನ್ನು ಜುಲುಮೆಯಿಂದ ಓಡಿಸಬೇಡಿ. ಅದನ್ನು ನಿಲ್ಲಿಸಿ, ಪ್ಲಗ್ಗಿನ ತಂತಿ ಬಿಡಿಸಿ, ಪಂಖ, ತಳ, ಒಳಗೆ ನಿಂತ ನೀರು ನೋಡಿ. ಎಲ್ಲ ಸರಿಯಿದ್ದರೆ ಪೆಟ್ರೋಲು ಸೋಸುವ ಜಾಲರಿ, ಆಮೇಲೆ ಪ್ಲಗ್ಗು. ಎಂಜಿನ್ ಬಿಚ್ಚಲು ಪಾನಾ ಹಿಡಿಯುವುದು ಕೊನೆಗೆ. ನಿಮ್ಮ ಲಾಂಚಿನ ತಳ ನೋಡಿ ಎಷ್ಟು ದಿನವಾಯಿತು? ಇಂದೇ ನೋಡಿ.