ತಾನೇ ತುಂಬಿಕೊಳ್ಳುವ ಗುಂಡಿ

ಹಾಲಿಸ್ ಅಲೇನ್‌ನ ಮನೆ ರಸ್ತೆಗಿಂತ ಎತ್ತರದಲ್ಲಿತ್ತು. ಗೇಟಿನಿಂದ ಮನೆ ಮೆಟ್ಟಿಲವರೆಗೆ ಕಾರು ಹತ್ತಬೇಕಾದ ದಾರಿ ಬರೀ ಮಣ್ಣಿನದು. ಮಳೆಗಾಲ ಬಂತೆಂದರೆ ಅದು ತೊರೆಯಾಗುತ್ತಿತ್ತು. ಅವನು ನಮ್ಮೂರು ಲಾ ಬ್ರೇಯಿಂದ ಸಾನ್ ಫೆರ್ನಾಂಡೋ ಪೇಟೆಗೆ ಬಾಡಿಗೆ ಕಾರು ಓಡಿಸುವವನು. ಮೇಲಕ್ಕೆ ಹತ್ತಿಸಿದರೆ ಕಾರಿನ ಹೊಟ್ಟೆ ಕಲ್ಲಿಗೆ ಉಜ್ಜಿ ಎಣ್ಣೆ ಸೋರುತ್ತಿತ್ತು, ಕೆಳಗೆ ರಸ್ತೆಯಲ್ಲೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕನ್ನಡಿ ಮಾಯ. ಒಮ್ಮೆ ಬ್ಯಾಟರಿಯೂ ಹೋಯಿತು. ಅವತ್ತು ಅವನು ಒಬ್ಬ ಗುತ್ತಿಗೆದಾರನನ್ನು ಕರೆಸಿದ.

ಗುತ್ತಿಗೆದಾರ ಹಲ್ಲುಕಡ್ಡಿ ಕಚ್ಚಿಕೊಂಡು ದಾರಿಯ ಮೇಲೆ ಕೆಳಗೆ ಓಡಾಡಿ, ಒಂದು ಮೊತ್ತ ಹೇಳಿದ.

ಹಾಲಿಸ್ ನಕ್ಕುಬಿಟ್ಟ. "ಮಾರಾಯ, ನೀನು ದಾರಿ ಮಾಡ್ತೀಯೋ, ವಿಮಾನ ಇಳಿಯೋ ಜಾಗ ಮಾಡ್ತೀಯೋ?"

"ಕಾಂಕ್ರೀಟು ಪುಕ್ಕಟೆ ಸಿಗೋದಿಲ್ಲ," ಎಂದ ಆತ.

"ಹಾಗಾದ್ರೆ ಪುಕ್ಕಟೆ ಸಿಗೋದನ್ನೇ ಹಾಕ್ತೀನಿ ಬಿಡು."

ಹಾಲಿಸ್ ಹಾಗೆಯೇ ಮಾಡಿದ. ತೆಂಗಿನ ಸಿಪ್ಪೆ ಹಾಸಿದ, ಅದು ಕೊಳೆಯಿತು. ಕಡಲಂಚಿನಿಂದ ಚಿಪ್ಪು ತಂದು ಸುರಿದ, ಟೈರು ಕುಯ್ದುಕೊಂಡಿತು. ಒಡೆದ ಇಟ್ಟಿಗೆಯನ್ನು ಒಂದೇ ಮಳೆ ರಸ್ತೆಗೆ ಇಳಿಸಿಬಿಟ್ಟಿತು. ಹೆಂಡತಿ ವರ್ನಾ ಮೆಟ್ಟಿಲ ಮೇಲೆ ಬಟಾಣಿ ಸುಲಿಯುತ್ತಾ ಎಲ್ಲವನ್ನೂ ನೋಡುತ್ತಿದ್ದಳು. "ಇನ್ನು ನನ್ನ ತಟ್ಟೆ ಬಟ್ಟಲು ಒಂದು ಉಳಿದಿದೆ. ಅದನ್ನೂ ಹಾಸ್ಬಿಡು," ಎಂದಳು.

ನಮ್ಮೂರಿನ ನೆಲದಡಿ ಇರುವುದೇ ಡಾಂಬರು. ದೊಡ್ಡ ಡಾಂಬರು ಕೆರೆ ಊರಿನ ಮೇಲ್ಗಡೆ ಇದ್ದರೂ ಅದರ ಬೇರುಗಳು ಎಲ್ಲರ ಹಿತ್ತಲಿಗೂ ಇಳಿದಿವೆ. ಕಂಬಗಳ ಮೇಲೆ ಕಟ್ಟಿದ ಇಲ್ಲಿನ ಯಾವ ಮನೆಯೂ ನೆಟ್ಟಗೆ ನಿಂತಿಲ್ಲ. ಕಂಬ ಒಂದು ಕಡೆ ಇಳಿದರೆ ಜಾಕಿ ಹಚ್ಚಿ ಎತ್ತುತ್ತೇವೆ, ಕೆಳಗೆ ಹಲಗೆ ತುರುಕುತ್ತೇವೆ, ಮತ್ತೆ ಬದುಕುತ್ತೇವೆ. ಹೀಗಾಗಿ ಹಾಲಿಸ್ ತನ್ನ ಹಿತ್ತಲಲ್ಲಿ, ಜೀಗುಜ್ಜೆ ಮರದ ಆಚೆ, ಡಾಂಬರು ಮೇಲೆದ್ದು ಕಪ್ಪಗೆ ಮಿನುಗುತ್ತಿದ್ದ ಜಾಗಕ್ಕೆ ಪಿಕಾಸಿ ಹಾಕಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ಬೆಳಗಿನ ತಂಪಿಗೆ ಡಾಂಬರು ಕಲ್ಲಿನಂತೆ ಒಡೆಯುತ್ತದೆ. ಹೆಂಟೆ ಹೆಂಟೆಯಾಗಿ ಕಿತ್ತು, ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿ ಹಾಕಿ, ಸೌದೆ ಉರಿಸಿ ಕರಗಿಸಿದ. ಮರಳು, ಜಲ್ಲಿ ಬೆರೆಸಿ ಮೆಟ್ಟಿಲ ಬುಡದಿಂದ ಹರಡುತ್ತಾ ಬಂದ, ದಿಮ್ಮಸಿನಿಂದ ಬಡಿದ. ಸಂಜೆ ಹೊತ್ತಿಗೆ ಕಾರಿನಷ್ಟುದ್ದ ದಾರಿ ಕಪ್ಪಗೆ ನುಣ್ಣಗೆ ಸಿದ್ಧವಾಗಿತ್ತು. ಹಿತ್ತಲಲ್ಲಿ ಸೊಂಟದಾಳದ ಗುಂಡಿ ಬಿದ್ದಿತ್ತು.

ಮಾರನೇ ದಿನ ಅವನು ಪಿಕಾಸಿ ಹಿಡಿದು ಹಿತ್ತಲಿಗೆ ಹೋದವನು ಕೂಗಿಕೊಂಡ. "ವರ್ನಾ! ಬಾ ಇಲ್ಲಿ, ಬೇಗ ಬಾ!"

ಅವಳು ಹಿಟ್ಟಿನ ಕೈಯಲ್ಲೇ ಓಡಿಬಂದಳು. ಗುಂಡಿ ಇರಲಿಲ್ಲ. ನಿನ್ನೆ ಅಗೆದ ಜಾಗ ಅಂಚಿನವರೆಗೂ ತುಂಬಿ, ನಡುವೆ ಸ್ವಲ್ಪ ಉಬ್ಬಿಕೊಂಡಿತ್ತು.

"ನೋಡಿದ್ಯಾ? ತಾನೇ ತುಂಬ್ಕೊಂಡಿದೆ! ಅಗೆದಷ್ಟೂ ಕೊಡುತ್ತೆ!"

ವರ್ನಾ ಆ ಉಬ್ಬನ್ನೇ ನೋಡಿದಳು. "ಕೊಡುತ್ತೆ ಸರಿ. ಎಲ್ಲಿಂದ ತಂದು ಕೊಡುತ್ತೆ?"

"ಕೆಳಗಿಂದ. ಇನ್ನೆಲ್ಲಿಂದ?"

ದಾರಿ ಬೆಳೆಯಿತು. ಬೀದಿಯವರು ಬಂದು ಚಪ್ಪಲಿ ಕಾಲಲ್ಲಿ ತುಳಿದು ನೋಡಿ ತಲೆದೂಗಿದರು. ಚರ್ಚಿನಿಂದ ಬರುವವರು ನಿಂತು ಹೊಗಳಿದರು. ಮೀನು ಮಾರುವ ಅಂಬ್ರೋಸ್ ತನ್ನ ಅಂಗಳಕ್ಕೂ ನಾಲ್ಕು ಗಾಡಿ ಕೇಳಿದ, ಹಾಲಿಸ್ ದೊಡ್ಡ ಮನಸ್ಸಿನಿಂದ ಕೊಟ್ಟ. ಕಪ್ಪು ಮೆತ್ತಿದ ಕೈಯನ್ನು ಸೊಂಟಕ್ಕಿಟ್ಟು ನಿಂತರೆ ಅವನೀಗ ಬೀದಿಗೆಲ್ಲ ಯಜಮಾನನಂತೆ ಕಾಣುತ್ತಿದ್ದ. ಗುಂಡಿ ಮಾತ್ರ ಪ್ರತಿ ಸಲವೂ ತುಂಬಿಕೊಳ್ಳುತ್ತಿತ್ತು. ಮೊದಮೊದಲು ಬೆಳಗಾಗುವಷ್ಟರಲ್ಲಿ ತುಂಬುತ್ತಿದ್ದುದು ಬರಬರುತ್ತಾ ಸಂಜೆಗೇ ತುಂಬತೊಡಗಿತು.

ಬೇಲಿಯಾಚೆಯ ಮನೆ ದುಲಾರಿಯದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಬೀದಿಯವರೆಲ್ಲ ಅವಳನ್ನು ಟಾಂಟಿ ಎನ್ನುತ್ತಿದ್ದರು. ಚಿಕ್ಕಮ್ಮನಿಗೆ ನಾವು ಅನ್ನುವುದು ಹಾಗೆ. ಅವಳ ಅಂಗಳದ ಮೂಲೆಯಲ್ಲಿ ಪೂಜೆಯ ಬಾವುಟ ಕಟ್ಟಿದ ಬಿದಿರ ಗಳಗಳು ಸಾಲಾಗಿ ನಿಂತಿದ್ದವು. ಒಂದು ದಿನ ಅವಳು ಬೇಲಿಗೆ ಬಂದು ಹಾಲಿಸ್‌ನನ್ನು ಕರೆದಳು.

"ಮಗಾ, ನನ್ನ ಗಳ ಎಲ್ಲ ನಿನ್ನ ಮನೆ ಕಡೆಗೇ ವಾಲ್ತಾ ಇದೆ, ನೋಡು."

"ನಿಮ್ಮ ದೇವರಿಗೂ ನನ್ನ ದಾರಿ ನೋಡೋ ಆಸೆ, ಟಾಂಟಿ!"

ಅವಳು ನಗಲಿಲ್ಲ. "ಅಡುಗೆಮನೆ ಬಾಗಿಲು ಹಾಕೋಕ್ಕೆ ಬರ್ತಿಲ್ಲ. ಭುಜ ಕೊಟ್ಟು ತಳ್ಳಿದ್ರೂ ಕೂರಲ್ಲ."

"ಬಿಡುವಾದಾಗ ಬಂದು ಜಾಕಿ ಹಚ್ಚಿ ಕೊಡ್ತೀನಿ. ಲಾ ಬ್ರೇನಲ್ಲಿ ಬಾಗಿಲು ಸರಿಯಾಗಿ ಕೂತ ಮನೆ ಯಾವುದಿದೆ ಹೇಳಿ?"

"ವಾಲೋದು ನಂಗೆ ಗೊತ್ತು, ಮಗಾ. ನಾನು ಇಲ್ಲೇ ಮುದುಕಿಯಾದವಳು. ಆದ್ರೆ ಹಿಂದೆಲ್ಲ ನಿಧಾನಕ್ಕೆ ವಾಲ್ತಿತ್ತು." ಅಷ್ಟು ಹೇಳಿ ಅವಳು ಜೀಗುಜ್ಜೆ ಮರದ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಮಧ್ಯಾಹ್ನದ ಬಿಸಿಲಿಗೆ ಹಿತ್ತಲಿನಿಂದ ಒಂದು ಸದ್ದು ಬರತೊಡಗಿತು. ಎಮ್ಮೆ ಕೆಸರಿನಿಂದ ಕಾಲು ಕೀಳುವಂಥ ಸದ್ದು. ವರ್ನಾ ಬಟ್ಟೆ ಒಗೆಯುವ ಕಲ್ಲುತೊಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಆಮೇಲೊಂದು ದಿನ ಅದರಲ್ಲಿ ಅವಳ ಬೆರಳ ತುದಿ ಹೋಗುತ್ತಿತ್ತು. ಅವಳು ಗಂಡನಿಗೆ ಹೇಳಿದಳು. ಅವನು ಸಿಮೆಂಟು ಬಳಿದ.

ಮಳೆಗಾಲ ಹತ್ತಿರವಾಗುತ್ತಿತ್ತು. ಗೇಟಿನ ಬಳಿಯ ಕಡಿದಾದ ತುಂಡೊಂದು ಬಿಟ್ಟು ದಾರಿಯೆಲ್ಲ ಮುಗಿದಿತ್ತು. ಅದೊಂದಾಗದಿದ್ದರೆ ಮಿಕ್ಕಿದ್ದೆಲ್ಲ ದಂಡ. ಕಾರು ಹತ್ತಬೇಕಾದ ಜಾಗವೇ ಅದು. ಅವತ್ತು ವರ್ನಾ ಬಟ್ಟೆ ಒಣಗಿಹಾಕಲು ಹಿತ್ತಲಿಗೆ ಹೋದಾಗ ಹಾಲಿಸ್ ಗುಂಡಿಯ ಅಂಚಿನಲ್ಲಿ ಮಂಡಿಯೂರಿ, ಏನನ್ನೋ ಎರಡೂ ಕೈಯಿಂದ ಎಳೆಯುತ್ತಿದ್ದ. ಡಾಂಬರಿನೊಳಗಿಂದ ಮರದ ಕಂಬವೊಂದು ಓರೆಯಾಗಿ ಮೇಲೆ ಬಂದಿತ್ತು. ಅದು ಬಿಡಿಸಿಕೊಂಡು ಬಂದಾಗ ಅವನು ಬಟ್ಟೆಯಿಂದ ಉಜ್ಜಿದ. ಕಪ್ಪಿನಡಿ ಹಸಿರು ಬಣ್ಣ ಕಂಡಿತು. ಕಬ್ಬಿಣದ ಬಳೆಯೊಂದು ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

ವರ್ನಾಗೆ ಗುರುತು ಹತ್ತಿತು. ಟಾಂಟಿಯ ಗಂಡ ಬದುಕಿದ್ದಾಗ ಹಸು ಕಟ್ಟುತ್ತಿದ್ದ ಕೊಟ್ಟಿಗೆಯ ಕಂಬ ಅದು. ದೋಣಿಗೆ ಬಳಿದು ಮಿಕ್ಕಿದ ಹಸಿರನ್ನು ಅವನೇ ಹಚ್ಚಿದ್ದ. ಆ ಕೊಟ್ಟಿಗೆ ಇದ್ದದ್ದು ಟಾಂಟಿಯ ಅಡುಗೆಮನೆಯ ಗೋಡೆಗೆ ತಾಗಿಕೊಂಡು. ಅದು ನೆಲದೊಳಗೆ ಇಳಿದುಹೋಗಿ ಎಷ್ಟೋ ವರ್ಷಗಳಾಗಿದ್ದವು.

ಹಾಲಿಸ್‌ಗೂ ಗುರುತು ಹತ್ತಿತ್ತು. ಅವನು ಕಂಬವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ಎದ್ದುಹೋಗಿ ಡ್ರಮ್ಮಿನಡಿ ಉರಿಯುತ್ತಿದ್ದ ಬೆಂಕಿಗೆ ತುರುಕಿದ.

"ಅದನ್ನ ಯಾಕೆ ಸುಡ್ತೀಯ?" ಬೆನ್ನ ಹಿಂದೆ ವರ್ನಾಳ ದನಿ ಕೇಳಿ ಅವನು ಬೆಚ್ಚಿದ.

"ಹಳೇ ಮರ. ಸೌದೆಗಾಯ್ತು."

"ಹಾಲಿಸ್, ನನ್ನ ಮುಖ ನೋಡಿ ಮಾತಾಡು. ಅವಳ ಮನೆ ಅಡಿಯಿಂದ ಬರ್ತಿದೆ ಇದು. ನಿನ್ನ ಗುಂಡಿ ಅವಳ ಮನೇನ ತಿಂತಿದೆ."

"ನೆಲದೊಳಗೆ ನೀನು ಹೋಗಿ ನೋಡ್ಕೊಂಡು ಬಂದ್ಯಾ?"

"ನಿಲ್ಲಿಸು ಇವತ್ತಿಗೆ."

"ಗೇಟಿನ ಹತ್ರ ಒಂದು ತುಂಡು ಅಷ್ಟೇ. ಶನಿವಾರಕ್ಕೆ ಮುಗಿಯುತ್ತೆ. ಆಮೇಲೆ ಪಿಕಾಸಿ ಮುಟ್ಟಲ್ಲ. ಜಾಕಿ ತಗೊಂಡು ಹೋಗಿ ಅವಳ ಮನೆ ನಾನೇ ಎತ್ತಿ ಕೊಡ್ತೀನಿ. ಸಾಕಲ್ಲ?"

ವರ್ನಾ ಜಗಳವಾಡಿದಳು, ಮಾತು ಬಿಟ್ಟಳು, ಪಿಕಾಸಿಯನ್ನು ಮಂಚದಡಿ ಬಚ್ಚಿಟ್ಟಳು. ಅವನು ಅಂಬ್ರೋಸ್‌ನದನ್ನು ಎರವಲು ತಂದ. ಶನಿವಾರ ಬೆಳಿಗ್ಗೆ ಅವನು ಗುಂಡಿಗಿಳಿದಾಗ ವರ್ನಾ ಬೇಲಿ ದಾಟಿ ಟಾಂಟಿಯ ಮನೆಗೆ ಹೋದಳು. ನಿಜ ಹೇಳಬೇಕೆಂದೇ ಹೋದವಳಿಗೆ, ಆ ಮುದುಕಿ ವಾಲಿದ ನೆಲದಲ್ಲಿ ಒಂದು ಕೈ ಗೋಡೆಗೆ ಕೊಟ್ಟು ನಿಂತು ಒಲೆ ಹಚ್ಚುತ್ತಿರುವುದನ್ನು ಕಂಡು ಬಾಯಿ ಕಟ್ಟಿಹೋಯಿತು.

"ಟಾಂಟಿ, ನಂಗೆ ದಾಲ್‌ಪುರಿ ಹದ ಬರಲ್ಲ. ನಮ್ಮನೆಗೆ ಬಂದು ಹೇಳಿಕೊಡಿ, ಮಧ್ಯಾಹ್ನ ಅಲ್ಲೇ ಊಟ ಮಾಡೋಣ," ಎಂದಳು.

"ಇಷ್ಟು ವರ್ಷ ನನ್ನ ಕೈಯಿಂದ ತಿಂದು ಈಗ ಕಲಿಯೋಕ್ಕೆ ಹೊರಟ್ಯಾ?" ಎನ್ನುತ್ತಲೇ ಟಾಂಟಿ ಸೆರಗು ಹೊದ್ದು ಬಂದಳು.

ಬಿಸಿಲೇರಿತು. ಹಾಲಿಸ್ ಹಿಂದೆಂದೂ ಅಗೆಯದಷ್ಟು ಆಳಕ್ಕೆ ಅಗೆದು, ಗೇಟಿನ ತುಂಡನ್ನು ಹಾಸಿ, ಬಡಿದು ಮುಗಿಸಿದ. ಕಾರನ್ನು ರಸ್ತೆಯಿಂದ ಒಂದೇ ಉಸಿರಿಗೆ ಮೇಲಕ್ಕೆ ತಂದು ಮೆಟ್ಟಿಲ ಬಳಿ ನಿಲ್ಲಿಸಿ ಹಾರ್ನ್ ಹೊಡೆದ. ಒಳಗಿಂದ ಯಾರೂ ಬರಲಿಲ್ಲ. ಅಡುಗೆಮನೆಯಲ್ಲಿ ವರ್ನಾ ಒಬ್ಬಳೇ ಬೇಳೆ ರುಬ್ಬುತ್ತಿದ್ದಳು.

"ಟಾಂಟಿ ಎಲ್ಲಿ?" ಎಂದ ಅವನು.

ವರ್ನಾ ತಿರುಗಿ ನೋಡಿದಳು. ಮಣೆ ಖಾಲಿ ಇತ್ತು. "ಈಗಿನ್ನೂ ಇಲ್ಲೇ ಇದ್ರು. ಒಲೆ ಆರಿಸಿದೆನೋ ಇಲ್ಲವೋ ಅಂತಿದ್ರು..."

ಆಗ ಆ ಸದ್ದು ಬಂತು. ಈ ಸಲ ಅದು ನಿಲ್ಲಲಿಲ್ಲ. ಬೇಲಿಯಾಚೆ ತಗಡುಗಳು ಒಂದಕ್ಕೊಂದು ಉಜ್ಜಿ ಕಿರುಚಿದವು. ಬಿದಿರ ಗಳಗಳು ಒಂದೊಂದಾಗಿ ಮಲಗಿದವು. ಟಾಂಟಿಯ ಅಡುಗೆಮನೆ ದೊಪ್ಪೆಂದು ಬೀಳಲಿಲ್ಲ. ದಣಿದ ದನ ಮಂಡಿ ಮಡಚುವ ಹಾಗೆ ಮುಂದಿನ ಕಂಬಗಳ ಮೇಲೆ ಕೂತು, ಪಕ್ಕಕ್ಕೆ ಒರಗಿ, ಇಳಿಯುತ್ತಾ ಹೋಯಿತು. ಆ ನಿಧಾನವೇ ಭಯಂಕರವಾಗಿತ್ತು.

ಹಾಲಿಸ್ ಬೇಲಿಯನ್ನು ಮುರಿದುಕೊಂಡೇ ಓಡಿದ. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಕಿಟಕಿಯ ಹಲಗೆ ಒದ್ದು ಒಳಗೆ ತೂರಿದ. ಟಾಂಟಿ ಕಪಾಟಿನಡಿ ಸಿಕ್ಕಿಕೊಂಡಿದ್ದಳು. ನೆಲದ ಸಂದಿಯಿಂದ ಎದ್ದ ಮೆತ್ತನೆಯ ಡಾಂಬರು ಅವಳ ಸೆರಗಿನ ತುದಿಗೆ ಅಂಟಿ ಎಳೆಯುತ್ತಿತ್ತು. ಅವನು ಸೆರಗನ್ನು ಹರಿದು, ಅವಳನ್ನು ಬೆನ್ನ ಮೇಲೆ ಹಾಕಿಕೊಂಡು ಕಿಟಕಿಯಿಂದ ಹೊರಬಿದ್ದ. ವರ್ನಾ ಕಾರಿನ ಬಾಗಿಲು ತೆರೆದು ಹಿಡಿದಿದ್ದಳು. ಹೊಸ ದಾರಿಯಲ್ಲಿ ಕಾರು ಒಂದಿಷ್ಟೂ ಕುಲುಕದೆ ಇಳಿದು ಆಸ್ಪತ್ರೆ ಕಡೆ ಓಡಿತು.

ಟಾಂಟಿ ಉಳಿದಳು. ಸೊಂಟದ ಮೂಳೆ ಮುರಿದಿತ್ತು. ಬೀದಿಯವರು ಬಂದು ಹಾಲಿಸ್‌ನ ಭುಜ ತಟ್ಟಿದರು. ಪಾದ್ರಿ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳಿದರು. ನಮ್ಮೂರಿನ ನೆಲವೇ ಹಾಗೆ ಎಂದರು ಎಲ್ಲರೂ. ಹಾಲಿಸ್ ತಲೆ ತಗ್ಗಿಸಿ ಕೇಳಿಸಿಕೊಂಡ. ವರ್ನಾ ಅವನಿಗೆ ಊಟ ಬಡಿಸುತ್ತಿದ್ದಳು, ಆದರೆ ಎದುರಿಗೆ ಕೂರುತ್ತಿರಲಿಲ್ಲ.

ಅವನು ಅಗೆಯುವುದನ್ನು ಬಿಟ್ಟ. ಗುಂಡಿ ಬಿಡಲಿಲ್ಲ. ಅಂಚಿನವರೆಗೂ ತುಂಬಿ, ಉಕ್ಕಿ, ಕಪ್ಪು ನಾಲಗೆಯಂತೆ ಇಳಿಜಾರಿನಲ್ಲಿ ಸರಿಯತೊಡಗಿತು.

ಕೊನೆಗೆ ಅವನೊಬ್ಬನೇ ಆಸ್ಪತ್ರೆಗೆ ಹೋಗಿ ಟಾಂಟಿಯ ಹಾಸಿಗೆ ಪಕ್ಕ ಕೂತ. "ಟಾಂಟಿ, ನಂಗೆ ಗೊತ್ತಿತ್ತು. ನಿಮ್ಮ ಕೊಟ್ಟಿಗೆ ಕಂಬ ನನ್ನ ಗುಂಡೀಲಿ ಬಂತು. ಸುಟ್ಟುಹಾಕ್ದೆ. ಆಮೇಲೂ ಅಗೆದೆ."

ಅವಳು ಮಾಡಿನಿಂದ ಕಣ್ಣು ತೆಗೆದು ಅವನ ಕಡೆ ನೋಡಿದಳು. "ಬೇಲಿ ಹತ್ರ ಬಂದು ಹೇಳಿದ್ನಲ್ಲ ಮಗಾ, ಅವತ್ತೇ ನಂಗೆ ಗೊತ್ತಿತ್ತು. ನೀನು ನಿಲ್ಲಿಸ್ತೀಯ ಅಂದ್ಕೊಂಡೆ. ಮುದುಕಿ ಬಾಯಿಬಿಟ್ಟು ಕೇಳ್ಬೇಕಾಗಿತ್ತಾ?"

ಅವನು ಜಾರಿದ್ದ ಹೊದಿಕೆಯನ್ನು ಅವಳ ಕಾಲ ಮೇಲೆ ಎಳೆದು ಹಾಕಿದ.

"ನನ್ನ ಮನೆ ಹೋಯ್ತು. ಇನ್ನು ನಿನ್ನ ಮನೇಲೇ ಇರ್ತೀನಿ," ಎಂದಳು ಟಾಂಟಿ. ಅದು ಕೋರಿಕೆಯಾಗಿರಲಿಲ್ಲ.

ಹಾಲಿಸ್ ಮುಂದಿನ ಕೋಣೆಯಲ್ಲಿ ಅವಳಿಗೆ ಮಂಚ ಹಾಕಿಕೊಟ್ಟ. ಪ್ರತಿದಿನ ಬೆಳಗಿನ ತಂಪಿಗೆ ಎದ್ದು, ಗೇಟಿನಿಂದ ಶುರುಮಾಡಿ ದಾರಿಯನ್ನು ತಾನೇ ಒಡೆದು, ಹೆಂಟೆಗಳನ್ನು ಗಾಡಿಯಲ್ಲಿ ಸಾಗಿಸಿ, ಟಾಂಟಿಯ ಮನೆಯಡಿ ಡಾಂಬರು ಬಿಟ್ಟುಬಂದ ಪೊಳ್ಳಿಗೆ ತುಂಬಿದ. ಕಾರು ಮತ್ತೆ ರಸ್ತೆಯಲ್ಲಿ ನಿಂತಿತು. ತುಂಬಿದ್ದೆಲ್ಲ ಮೊದಲ ಮಳೆಗೆ ಕೆಳಗಿಳಿಯಿತು. ಅವನು ಮತ್ತೆ ತುಂಬಿದ.

ಒಂದು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದಾಗ ನೆಲದಡಿ ಆ ಸದ್ದು ಕೇಳಿಸಿತು. ವರ್ನಾಳ ಕೈ ತಟ್ಟೆಯ ಮೇಲೆ ನಿಂತಿತು. ಹಾಲಿಸ್ ಎದ್ದು ಕೆಳಗೆ ಹೋಗಿ, ಮನೆಯ ಕಂಬಗಳ ನಡುವೆ ಬಗ್ಗಿ ನೋಡಿ, ಮೇಲೆ ಬಂದ.

"ಏನಿಲ್ಲ, ಊಟ ಮಾಡಿ."

"ಮಗಾ," ಎಂದಳು ಟಾಂಟಿ, "ನನ್ನ ಹತ್ರ ಇನ್ನೊಂದ್ಸಲ ಮುಚ್ಚಿಡ್ಬೇಡ."

ಅವನು ಕುರ್ಚಿಯ ಬೆನ್ನು ಹಿಡಿದು ನಿಂತ. "ಹಿಂದಿನ ಎರಡೂ ಕಂಬ ಇಳಿದಿವೆ ಟಾಂಟಿ. ಒಂದು ಗೇಣು ಕೆಳಗೆ ಹೋಗಿವೆ, ಇನ್ನೂ ಇಳೀತಾ ಇವೆ."

ಟಾಂಟಿ ತಲೆಯಾಡಿಸಿ ತುತ್ತು ಬಾಯಿಗಿಟ್ಟಳು. "ಸರಿ, ಕೂತು ಊಟ ಮುಗಿಸು. ಆಮೇಲೆ ನನ್ನನ್ನ ಮೊದಲು ಕಾರಿಗೆ ಹಾಕಿ, ನೀವಿಬ್ರೂ ಸಾಮಾನು ಕಟ್ಟಿ."

ಹಾಲಿಸ್ ಕೂತ. ಈ ಸಲ ವರ್ನಾ ಅವನ ಎದುರಿಗೇ ಕೂತಿದ್ದಳು. ಮೂವರೂ ಬೇಗ ಬೇಗ ಉಣ್ಣತೊಡಗಿದರು.