ಮೊದಲಿನವರ ಮೂಲೆ

ನಮ್ಮ ದ್ವೀಪದ ಬಂದರೂರು ಬಿರ್ಗುವಿನಲ್ಲಿ ಮನುಷ್ಯನಿಗೆ ಎರಡು ಹೆಸರು. ಪಾದ್ರಿ ಇಟ್ಟದ್ದು ಕಾಗದಪತ್ರಕ್ಕೆ ಮತ್ತು ಗೋರಿಕಲ್ಲಿಗೆ. ಬೀದಿ ಇಟ್ಟದ್ದು ಮನೆತನಕ್ಕೇ ಅಂಟಿಕೊಂಡು ಬರುವ ಅಡ್ಡಹೆಸರು. ದಿನಬಳಕೆಗೆ ಬರುವುದು ಅದೇ. ಅದನ್ನು ಎಲ್ಲರೂ ಎಲ್ಲರ ಮುಂದೆಯೂ ಆಡುತ್ತಾರೆ, ಹೆಸರಿನ ಒಡೆಯನೊಬ್ಬನನ್ನು ಬಿಟ್ಟು. ಯಾವನೋ ಮುತ್ತಾತ ಯಾರದೋ ಮದುವೆಯಲ್ಲಿ ಚಮಚ ಕದ್ದಿದ್ದರೆ, ಅವನ ಮರಿಮಕ್ಕಳು ಮೂಲೆ ತಿರುಗುವ ತನಕ ಕಾದು ನಂತರವೇ 'ಚಮಚದವರು' ಎನ್ನುತ್ತೇವೆ. ಅಷ್ಟು ಮರ್ಯಾದೆ ನಮ್ಮಲ್ಲಿದೆ.

ಈ ಕಟ್ಟಳೆ ಮೀರಿ ತನ್ನ ಅಡ್ಡಹೆಸರನ್ನು ತಾನೇ ಹೇಳಿಕೊಂಡು ಓಡಾಡುತ್ತಿದ್ದವಳು ಜಿಲ್ತ್ರೂದಾ ಒಬ್ಬಳೇ. ಅವಳ ಮನೆತನ 'ಮೊದಲಿನವರು'. ಮದುವೆಯಾಗದೆ, ಅಪ್ಪನ ಮನೆಯಲ್ಲೇ ಉಳಿದು, ಊರಿನ ಅರ್ಧ ಮಕ್ಕಳಿಗೆ ಪ್ರಾರ್ಥನೆ ಬಾಯಿಪಾಠ ಮಾಡಿಸಿದ ಹೆಂಗಸು. ಪ್ರತಿ ಸೆಪ್ಟೆಂಬರ್ ಎಂಟರಂದು ಬಂದರಿನಲ್ಲಿ ದೋಣಿ ಪಂದ್ಯ ಮುಗಿದು, ಗೆದ್ದರೆ ಗೆದ್ದೆವೆಂದು, ಸೋತರೆ ತೀರ್ಪು ಸರಿಯಿಲ್ಲವೆಂದು ಬ್ಯಾಂಡ್ ಕ್ಲಬ್ಬಿನಲ್ಲಿ ವೈನು ಹರಿಯತೊಡಗಿದ ಮೇಲೆ, ಸ್ಪೀರು ತನ್ನ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ಕೇಳುತ್ತಿದ್ದ: "ಅಲ್ಲಾ ಜಿಲ್ದಾ, ನಿಮ್ಮನ್ನ ಮೊದಲಿನವರು ಅಂತ ಯಾಕೆ ಕರೀತಾರೆ?"

"ಹೋದ ವರ್ಷ ಹೇಳಿದ್ನಲ್ಲೋ!"

"ಮರೆತುಹೋಯ್ತು. ವಯಸ್ಸಾಯ್ತು ನೋಡು."

ಜಿಲ್ತ್ರೂದಾ ಗ್ಲಾಸು ಕೆಳಗಿಡುತ್ತಿದ್ದಳು. ಎದ್ದು ನಿಂತು ಹುಟ್ಟು ಹಾಕುವವರಂತೆ ತೋಳು ಬೀಸುತ್ತ, ತಾತ ಹೇಗೆ ಎದುರು ದಡದ ಊರಾದ ಇಸ್ಲಾದವರ ದೋಣಿಯನ್ನು ಹಿಂದೆ ಹಾಕಿದ, ಹೇಗೆ ಮೊದಲು ದಡ ಮುಟ್ಟಿದ ಎಂದು ವರ್ಣಿಸುತ್ತಿದ್ದಳು. ಕೊನೆಗೆ ಬರುತ್ತಿತ್ತು ಆ ಮಾತು: "ನಮ್ಮ ತಾತ ಒಂದೇ ಒಂದು ಸಲ ಹಿಂದೆ ತಿರುಗಿ ನೋಡ್ಲಿಲ್ಲ!" ಇಡೀ ಕ್ಲಬ್ಬು ಮೇಜು ಕುಟ್ಟಿ ನಗುತ್ತಿತ್ತು. ಅವಳೂ ನಗುತ್ತಿದ್ದಳು, ಎಲ್ಲರಿಗಿಂತ ಜೋರಾಗಿ.

ತಾತ ಪಂದ್ಯದ ದೋಣಿಗೆ ಕಾಲಿಟ್ಟವನೇ ಅಲ್ಲ. ಯುದ್ಧದ ಕಾಲದಲ್ಲಿ ಒಂದು ಮಧ್ಯಾಹ್ನ ಸೈರನ್ ಕೂಗಿದಾಗ, ಬಂಡೆಯೊಳಗೆ ಕೊರೆದ ಅಡಗುದಾಣದ ಮೆಟ್ಟಿಲ ಮೇಲೆ, ಕಂಕುಳಲ್ಲಿ ಮಗುವಿದ್ದ ಒಬ್ಬ ಹೆಂಗಸನ್ನು ಮೊಣಕೈಯಿಂದ ತಿವಿದು ಬೀಳಿಸಿ ಎಲ್ಲರಿಗಿಂತ ಮೊದಲು ಒಳಗೆ ಸೇರಿಕೊಂಡ. ಹಿಂದೆ ತಿರುಗಿ ನೋಡಲಿಲ್ಲ. ಅಂದು ಬಾಂಬು ಬಿದ್ದದ್ದು ಸಮುದ್ರಕ್ಕೆ, ಸತ್ತದ್ದು ಮೀನು. ಹೆಂಗಸಿನ ಕಾಲು ಮುರಿಯಿತು, ಮಗು ಬದುಕಿತು, ಹೆಸರೂ ಬದುಕಿತು. ಆ ಹೆಸರಿಗೊಂದು ಪಂದ್ಯವನ್ನು ಹೊಂದಿಸಿ ಮಗಳಿಗೆ ಹೇಳಿದವನು ಜಿಲ್ತ್ರೂದಾಳ ಅಪ್ಪ. ಅವನು ಬದುಕಿರುವ ತನಕ ಯಾರೂ ಕೆದಕಲಿಲ್ಲ. ಅವನು ಹೋದ ಮೇಲೆ ಕೆದಕುವುದು ಕ್ರೌರ್ಯವೆಂದು ಬೀದಿ ತೀರ್ಮಾನಿಸಿತು. ವರ್ಷಕ್ಕೊಮ್ಮೆ ಅವಳ ಬಾಯಿಂದಲೇ ಹೇಳಿಸಿ ನಗುವುದಕ್ಕೆ ಬೇರೆ ಯಾವ ಹೆಸರಿದೆಯೆಂದು ಯಾರೂ ಯೋಚಿಸಿರಲಿಲ್ಲ.

ಇನ್ನು ಸ್ಪೀರು. ಕಸ್ಟಮ್ಸ್‌ನಿಂದ ನಿವೃತ್ತನಾದವನು, ನಿವೃತ್ತಿಯ ನಂತರ ಇತಿಹಾಸಕಾರನಾದ. ನಮ್ಮಲ್ಲಿ ಅದೇ ಮುಂದಿನ ಬಡ್ತಿ. ಪ್ರವಾಸಿಗರು ಮಾರ್ಗದರ್ಶಿಯಿಲ್ಲದೆ ತಾವೇ ನಡೆದು ಊರು ನೋಡುವಂತಾಗಬೇಕು ಎಂದು ಕ್ಲಬ್ಬಿನವರು ಗೋಡೆಗಳಿಗೆ ನಂಬರು ಬರೆದ ನೀಲಿ ಟೈಲುಗಳನ್ನು ಅಂಟಿಸಲು ಹೊರಟಾಗ, ಕಥೆ ಬರೆಯುವವನೂ ಓದುವವನೂ ಸ್ಪೀರುವೇ ಆದ. ಟೈಲಿನ ಮೂಲೆಯಲ್ಲಿರುವ ಚೌಕಕ್ಕೆ ಫೋನು ಹಿಡಿದರೆ ಕಿವಿಯಲ್ಲಿ ಸ್ಪೀರು ಮಾತಾಡುತ್ತಾನೆ. ಕೋಟೆಬಾಗಿಲಲ್ಲಿ ಒಂದನೆಯದು, ಬೇಕರಿಯ ಹತ್ತಿರ ನಾಲ್ಕನೆಯದು, ಹೀಗೆ ಬಂದು ಜಿಲ್ತ್ರೂದಾಳ ಮನೆಯ ಮೂಲೆಗೆ ಹನ್ನೊಂದನೆಯದು. ಅವಳೇ ಏಣಿ ಹಿಡಿದು ನಿಂತು, ಅಂಟಿಸಿದವರಿಗೆ ಚಹಾ ಕೊಟ್ಟಿದ್ದಳು.

ನಮ್ಮ ಮಾತಾದ ಮಾಲ್ಟೀಸಿನಲ್ಲಿ ಹನ್ನೊಂದನೆಯ ಟೈಲು ಹೇಳುವುದು ಇಷ್ಟೇ: ಇದು ಹಳೆಯ ಮೂಲೆ, ಮೇಲಿರುವ ಮೂರ್ತಿ ಸಂತ ಲಾರೆನ್ಸನದು, ಮುಂದೆ ಬಲಕ್ಕೆ ತಿರುಗಿ. ಇಂಗ್ಲಿಷಿನಲ್ಲಿ ಮಾತ್ರ ಸ್ಪೀರು ಎಲ್ಲವನ್ನೂ ಹೇಳಿದ್ದ: ಮೊಣಕೈ, ಮೆಟ್ಟಿಲು, ಮೀನು. ಅವನನ್ನು ಪೂರ್ತಿ ದೂರುವಂತಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದು ಹೇಳಿದಂತಲ್ಲ ಎಂಬುದು ಈ ದ್ವೀಪದಲ್ಲಿ ಎಲ್ಲರೂ ನಂಬಿಕೊಂಡದ್ದೇ. ವೈದ್ಯರು ಕೆಟ್ಟ ಕಾಯಿಲೆಯನ್ನು ಹೇಳುವುದು ಇಂಗ್ಲಿಷಿನಲ್ಲಿ, ಗಂಡಹೆಂಡಿರು ಮಕ್ಕಳೆದುರು ಜಗಳವಾಡುವುದು ಇಂಗ್ಲಿಷಿನಲ್ಲಿ. ಮಕ್ಕಳಿಗೂ ರೋಗಿಗೂ ಇಂಗ್ಲಿಷು ಬರುತ್ತದೆ ಎನ್ನುವುದು ಬೇರೆ ಮಾತು. ಅದೂ ಅಲ್ಲದೆ, ಯಾವ ಬಿರ್ಗುವಿನವನು ತಾನು ಹುಟ್ಟಿದ ಬೀದಿಯನ್ನು ಫೋನು ಹಿಡಿದು ನೋಡಲು ಹೊರಡುತ್ತಾನೆ?

ಬೇಸಿಗೆ ಇಡೀ ಪ್ರವಾಸಿಗರು ಬಂದರು. ಹನ್ನೊಂದರ ಕೆಳಗೆ ನಿಂತು, ಕೇಳಿ, ನಕ್ಕು, ತಲೆಯೆತ್ತಿ ಕಿಟಕಿಯನ್ನು ನೋಡಿದರು. ಜಿಲ್ತ್ರೂದಾ ಬಾಗಿಲು ತಟ್ಟುವ ಹಿಡಿಗಳಾದ ಹಿತ್ತಾಳೆ ಡಾಲ್ಫಿನ್‌ಗಳನ್ನು ದಿನಾ ಬೆಳಿಗ್ಗೆ ಉಜ್ಜಿ ಹೊಳೆಯಿಸಿ, ಕಿಟಕಿಯಿಂದ ಅವರಿಗೆ ಕೈಬೀಸುತ್ತಿದ್ದಳು. ಬಿಸಿಲಿಗೆ ಬಾಡಿದವರಿಗೆ ತಣ್ಣೀರು ಕೊಡುತ್ತಿದ್ದಳು. "ಪಾಪ, ಇಂಗ್ಲಿಷರು ದೋಣಿ ಪಂದ್ಯ ಅಂದ್ರೆ ಪ್ರಾಣ ಬಿಡ್ತಾರೆ," ಎಂದು ಎದುರು ಮನೆಯ ಬಾಲ್ಕನಿಗೆ ಕೂಗಿ ಹೇಳಿದಳು. ಎದುರು ಬಾಲ್ಕನಿಯಲ್ಲಿ ಹಗ್ಗಕ್ಕೆ ಬುಟ್ಟಿ ಕಟ್ಟಿ ರೊಟ್ಟಿ ಎಳೆದುಕೊಳ್ಳುತ್ತಿದ್ದ ಮರ್ಜಾನ್ನಾ, "ಹೌದು ಹೌದು," ಎಂದು ಬುಟ್ಟಿಯೊಳಗೆ ಮುಖ ಹುದುಗಿಸಿದಳು.

ಪಂದ್ಯದ ಮುಂಚಿನ ದಿನ ಮೆಲ್ಬರ್ನಿನಿಂದ ಡೆನೀಸ್ ಬಂದಳು, ಜಿಲ್ತ್ರೂದಾಳ ತಮ್ಮನ ಮಗಳು. ಅಡ್ಡಹೆಸರುಗಳು ಹಡಗು ಹತ್ತುವುದಿಲ್ಲ. ಹುಡುಗಿಗೆ ಅದೇನೂ ತಿಳಿಯದು, ಮಾಲ್ಟೀಸಂತೂ ಅಡುಗೆಮನೆಯದಷ್ಟೇ. "ಬಾರೇ, ನಮ್ಮ ಮನೆತನದ ಬಗ್ಗೆ ಗೋಡೆ ಏನು ಹೇಳುತ್ತೆ ಕೇಳುವಂತೆ," ಎಂದು ಅತ್ತೆ ಭಾನುವಾರದ ಬಟ್ಟೆಯುಟ್ಟು ಹೊರಟಳು. ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ಹುಡುಗಿಯ ಕಿವಿಗೆ.

ಸುದ್ದಿ ಅವರಿಗಿಂತ ಬೇಗ ನಡೆಯಿತು. ಅವರು ಮೂರನೆಯ ಟೈಲಿಗೆ ಬರುವಷ್ಟರಲ್ಲಿ ಬಾಲ್ಕನಿಗಳು ತುಂಬಿದ್ದವು. ನಾಲ್ಕನೆಯದರ ಹತ್ತಿರ ಸ್ಪೀರು ಚಪ್ಪಲಿಯಲ್ಲೇ ಓಡಿಬಂದ.

"ಜಿಲ್ದಾ! ಈ ಬಿಸಿಲಲ್ಲಿ? ಸಾಯಂಕಾಲ ಹೋಗಿ."

"ಸಾಯಂಕಾಲ ಜಪಮಾಲೆ ಇದೆ. ಸುಮ್ನಿರೋ, ನೀನು ಕಿವೀಲಿ ಮಾತಾಡ್ತಾ ಇದೀಯ, ಹೊರಗೂ ಯಾಕೆ?"

"ಮಾಲ್ಟೀಸಲ್ಲಿ ಹಾಕ್ಕೊಳೆ. ಅದರಲ್ಲಿ ನನ್ನ ಗಂಟಲು ಚೆನ್ನಾಗಿ ಬಂದಿದೆ."

"ಮಗೂಗೆ ತಿಳಿಯಲ್ಲ. ಇಂಗ್ಲಿಷಲ್ಲಿ ನೀನು ಬಿಷಪ್ಪರ ಥರ ಮಾತಾಡ್ತೀಯ. ನಂಗದೇ ಇಷ್ಟ."

ಏಳನೆಯದರ ಹತ್ತಿರ ಅವನು ಪಸ್ತಿತ್ಸಿ ತಂದುಕೊಟ್ಟ; ಬಿಸಿ ಚೀಸಿನಿಂದ ಬಾಯಿ ಸುಟ್ಟುಕೊಂಡು ಅವರು ತಿನ್ನುತ್ತಲೇ ನಡೆದರು. ಒಂಬತ್ತರ ಹತ್ತಿರ ಹನ್ನೊಂದನೆಯ ಟೈಲು ಕೆಟ್ಟಿದೆ ಎಂದ. "ಬೆಳಿಗ್ಗೆ ಜರ್ಮನಿಯವರು ಕೇಳಿ ನಗ್ತಾ ಇದ್ರಲ್ಲ," ಎಂದಳು ಜಿಲ್ತ್ರೂದಾ. ಕ್ಲಬ್ಬಿನ ಬಾರ್ ನೋಡಿಕೊಳ್ಳುವ ಚೆನ್ಸು ಬಾಗಿಲಲ್ಲಿ ನಿಂತು ಹೇಳಿದ: "ಹೇಳಿಬಿಡೋ ಸ್ಪೀರು, ನೀನೇ ಮೊದಲು ಹೇಳು." ಸ್ಪೀರು ಬಾಯಿ ತೆರೆದ. ತೆರೆದ ಬಾಯಲ್ಲೇ ಅವರ ಹಿಂದೆ ನಡೆದ.

ಹನ್ನೊಂದರ ಕೆಳಗೆ ಜಿಲ್ತ್ರೂದಾ ಕೂದಲು ಸರಿಮಾಡಿಕೊಂಡು, ಫೋಟೋಗೆ ನಿಲ್ಲುವವರಂತೆ ನೆಟ್ಟಗೆ ನಿಂತಳು. ಕೇಳತೊಡಗಿದಾಗ ಅವಳ ಮುಖದಲ್ಲಿದ್ದದ್ದು ನಗು. ಆ ನಗು ಎಷ್ಟೋ ಹೊತ್ತು ಅಲ್ಲೇ ಇತ್ತು, ಮನೆಯವರು ಬಿಟ್ಟುಹೋದ ಮನೆಯ ದೀಪದಂತೆ. ಮೀನಿನ ಮಾತು ಬಂದಾಗ ಡೆನೀಸ್ ಕಿಸಕ್ಕನೆ ನಕ್ಕಳು. ಅದು ಕೇಳುವವರು ನಗಲಿಕ್ಕೆಂದೇ ಸ್ಪೀರು ಬರೆದ ಜಾಗ. ನಕ್ಕವಳು ಅತ್ತೆಯ ಮುಖ ನೋಡಿದಳು, ಬಾಗಿಲು ನೋಡಿದಳು, ಟೈಲು ನೋಡಿದಳು. ಕೈಯನ್ನು ಬಾಯಿಗೊತ್ತಿಕೊಂಡಳು.

ಜಿಲ್ತ್ರೂದಾ ಇಯರ್‌ಫೋನು ತೆಗೆದು, ಲಂಗದ ಅಂಚಿಗೆ ಒರೆಸಿ, ಹುಡುಗಿಗೆ ವಾಪಸು ಕೊಟ್ಟಳು.

"ಒಳ್ಳೆ ಇಂಗ್ಲಿಷು, ಸ್ಪೀರು."

"ಜಿಲ್ದಾ, ನಾನು..."

"ಹಿಂದೆ ತಿರುಗಿ ನೋಡ್ಲಿಲ್ಲ ಅನ್ನೋದೂ ಅದರಲ್ಲಿದೆಯಲ್ಲ. ಅದೆಲ್ಲಿ ಸಿಕ್ತು ನಿಂಗೆ?"

ಸ್ಪೀರು ಸುಳ್ಳು ಹೇಳಬಹುದಿತ್ತು. ಇತಿಹಾಸಕಾರನ ಚಟ ಬಿಡಲಿಲ್ಲ. "ನಿನ್ನ ಹತ್ರಾನೇ ತಗೊಂಡಿದ್ದು," ಎಂದ.

ಅವಳು ಏನನ್ನೋ ಕೂಡಿಸಿಕೊಳ್ಳುವವಳಂತೆ ನಿಂತಳು. ಆಮೇಲೆ ತಲೆಯೆತ್ತಿ ಬಾಲ್ಕನಿಗಳನ್ನು ನೋಡಿದಳು, ಒಂದೊಂದಾಗಿ, ಪ್ರಾರ್ಥನೆ ಒಪ್ಪಿಸದ ಮಕ್ಕಳನ್ನು ನೋಡುವಂತೆ. ಮರ್ಜಾನ್ನಾ ಬುಟ್ಟಿಯ ಹಗ್ಗದ ಗಂಟು ಬಿಚ್ಚುತ್ತಿದ್ದಳು, ಅಲ್ಲಿ ಗಂಟೇ ಇರಲಿಲ್ಲ. ಒಂದು ಕಿಟಕಿ ಮುಚ್ಚಿತು, ಪಕ್ಕದ್ದೂ ಮುಚ್ಚಿತು. ಜಿಲ್ತ್ರೂದಾ ಒಳಗೆ ಹೋದಳು. ಬಾಗಿಲನ್ನು ಮೆಲ್ಲಗೇ ಹಾಕಿಕೊಂಡಳು. ಡಾಲ್ಫಿನ್‌ಗಳು ಸದ್ದು ಮಾಡಲಿಲ್ಲ.

ಮರುದಿನ ಬಿರ್ಗು ಗೆದ್ದಿತು. ಆದರೂ ಕ್ಲಬ್ಬಿನಲ್ಲಿ ಸಾವಿನ ಮನೆಯ ಸದ್ದಿತ್ತು. ಅವಳು ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತ, ಬಾಗಿಲನ್ನೇ ನೋಡುತ್ತಿದ್ದರು. ಅವಳು ಬಂದಳು, ಡೆನೀಸಳ ತೋಳು ಹಿಡಿದು. ತನ್ನ ಜಾಗದಲ್ಲಿ ಕೂತಳು. ಚೆನ್ಸು ಕೇಳದೆಯೇ ಗ್ಲಾಸು ತಂದಿಟ್ಟ. ಯಾರೋ ಹವೆಯ ಬಗ್ಗೆ ಮಾತೆತ್ತಿದರು.

"ಕೇಳೋ," ಎಂದಳು ಜಿಲ್ತ್ರೂದಾ.

"ಏನು?" ಸ್ಪೀರುವಿನ ಕುರ್ಚಿಯ ನಾಲ್ಕೂ ಕಾಲು ನೆಲದ ಮೇಲಿದ್ದವು.

"ಪ್ರತಿವರ್ಷ ಕೇಳ್ತೀಯಲ್ಲ, ಅದೇ. ಕೇಳು."

"ಬೇಡ ಜಿಲ್ದಾ."

"ಮರೆತುಹೋಯ್ತಾ? ವಯಸ್ಸಾಯ್ತು ನೋಡು. ಕೇಳು."

ಸ್ಪೀರು ಕೇಳಿದ. ಪಕ್ಕದ ಮೇಜಿಗೂ ಕೇಳಿಸದ ದನಿಯಲ್ಲಿ, ನಿಮ್ಮನ್ನು ಮೊದಲಿನವರು ಅಂತ ಯಾಕೆ ಕರೆಯುತ್ತಾರೆ ಎಂದು ಕೇಳಿದ.

ಜಿಲ್ತ್ರೂದಾ ಎದ್ದು ನಿಂತಳು. ದೋಣಿ ಪಂದ್ಯವನ್ನೇ ಹೇಳಿದಳು, ಒಂದಕ್ಷರ ಬಿಡದೆ. ತೋಳು ಬೀಸಿದಳು, ಇಸ್ಲಾದವರನ್ನು ಹಿಂದೆ ಹಾಕಿದಳು, ಅಲೆ ಬಂದ ಕಡೆ ಬಾಗಿದಳು. ಅಷ್ಟು ಚೆನ್ನಾಗಿ ಅವಳು ಎಂದೂ ಹೇಳಿರಲಿಲ್ಲ. "ನಮ್ಮ ತಾತ ಒಂದೇ ಒಂದು ಸಲ ಹಿಂದೆ ತಿರುಗಿ ನೋಡ್ಲಿಲ್ಲ," ಎಂದು ನಿಲ್ಲಿಸಿ, ಸುತ್ತ ನೋಡಿದಳು.

ಮೇಜು ಕುಟ್ಟುತ್ತಿದ್ದ ಕೈಗಳು ಗ್ಲಾಸು ಹಿಡಿದುಕೊಂಡವು.

"ಇಲ್ಲಿ ನಗ್ತಿದ್ರಲ್ಲ," ಎಂದಳು. "ನಗಿ. ನಾನು ಕಾಯ್ತೀನಿ."

ಅವಳು ಕಾದಳು. ದೊಡ್ಡ ದೊಡ್ಡ ಗಂಡಸರು, ಆ ದಿನ ಹುಟ್ಟು ಹಾಕಿ ಗೆದ್ದವರು, ತಮ್ಮ ಬೂಟು ನೋಡಿಕೊಂಡರು. ಚೆನ್ಸು ಒಣಗಿದ ಗ್ಲಾಸನ್ನು ಒರೆಸಿದ್ದೇ ಒರೆಸಿದ. ಕೊನೆಗೆ ಜಿಲ್ತ್ರೂದಾ ತನ್ನ ವೈನನ್ನು ಪೂರ್ತಿ ಕುಡಿದು, ಹುಡುಗಿಯನ್ನು ಕರೆದುಕೊಂಡು ಹೊರಟುಹೋದಳು. ಆ ಕಥೆಯನ್ನು ಅವಳು ಮತ್ತೆ ಹೇಳಿಲ್ಲ. ಕೇಳಿದವರೂ ಇಲ್ಲ.

ಹನ್ನೊಂದನೆಯ ಟೈಲನ್ನು ಸ್ಪೀರು ತಾನೇ ಉಳಿ ಹಿಡಿದು ಕಿತ್ತ. ಗೋಡೆಯಲ್ಲಿ ಬಿಳಿಚಿದ ಚೌಕ ಉಳಿಯಿತು. ಇಡೀ ನಡಿಗೆಗೆ ನಂಬರು ಬದಲಿಸಲು ಕ್ಲಬ್ಬಿಗೆ ಮನಸ್ಸಿಲ್ಲ. ಹೀಗಾಗಿ ಹತ್ತನ್ನು ಕೇಳಿ ಮುಗಿಸಿದ ಪ್ರವಾಸಿಗರು ಮೂಲೆಯಲ್ಲಿ ನಿಂತು ಅತ್ತಿತ್ತ ನೋಡಿ, ಜಿಲ್ತ್ರೂದಾಳ ಬಾಗಿಲು ತಟ್ಟುತ್ತಾರೆ. ಹನ್ನೊಂದು ಎಲ್ಲಿ ಎಂದು ಕೇಳುತ್ತಾರೆ. ಅವಳು ತಣ್ಣೀರು ಕೊಟ್ಟು, ಬೀದಿಯ ಆಚೆ ಬದಿಯಲ್ಲಿರುವ ಸ್ಪೀರುವಿನ ಮನೆಯನ್ನು ತೋರಿಸುತ್ತಾಳೆ. ಅವರು ಅಲ್ಲಿ ಹೋಗಿ, ಫೋನು ಹಿಡಿದು, ಗೋಡೆಯಲ್ಲೆಲ್ಲ ಹುಡುಕಿ, ಏನೂ ಸಿಗದೆ ತಲೆಯೆತ್ತಿ ಕಿಟಕಿ ನೋಡುತ್ತಾರೆ. ಕಿಟಕಿ ಮುಚ್ಚಿಕೊಳ್ಳುತ್ತದೆ.

ಸ್ಪೀರುವಿನ ಮೊಮ್ಮಕ್ಕಳನ್ನು ಬೀದಿ ಈಗ 'ಹನ್ನೊಂದರವರು' ಎನ್ನುತ್ತದೆ. ಅವರೆದುರು ಯಾರೂ ಹೇಳುವುದಿಲ್ಲ. ಮೂಲೆ ತಿರುಗುವ ತನಕ ಕಾಯುತ್ತೇವೆ.